ಹೊಸ ಮಿಸ್‌ಗೂ ನನ್ನಮ್ಮನೇ ಬೇಕಾ?

"ಇನ್ನೈದೇ ನಿಮಿಷ!"

ಕಿಟಕಿಯ ಆಚೆಯಿಂದ ಅಮ್ಮ ಐದು ಬೆರಳು ತೋರಿಸಿದಳು. ಗೋಲಿ ಮುಖ ಊದಿಸಿಕೊಂಡು ವರಾಂಡದ ಮೆಟ್ಟಿಲ ಮೇಲೆ ದೊಪ್ಪನೆ ಕೂತಳು. ಆ ಐದು ನಿಮಿಷ ಆಗಲೇ ಮೂರು ಸಲ ಮುಗಿದುಹೋಗಿತ್ತು.

ಗೋಲಿ ಅವಳ ನಿಜವಾದ ಹೆಸರಲ್ಲ. ಸಿಟ್ಟು ಬಂದಾಗ ಕಣ್ಣು ಗೋಲಿಯಷ್ಟಾಗುತ್ತದೆ ಎಂದು ಕ್ಲಾಸಿನವರು ಇಟ್ಟ ಅಡ್ಡಹೆಸರು. ಈಚೆಗಂತೂ ಆ ಕಣ್ಣು ಸಣ್ಣದಾಗಿದ್ದೇ ಇಲ್ಲ.

ಅಮ್ಮ ಅದೇ ಶಾಲೆಯಲ್ಲಿ ಏಳನೇ ಕ್ಲಾಸಿನ ಟೀಚರ್. ಸಂಜೆ ಮನೆಗೆ ಹೋದಮೇಲೆ ಅವಳು ಅಜ್ಜಿಗೆ ಸೊಸೆ, ಅಪ್ಪನಿಗೆ ಹೆಂಡತಿ, ತಮ್ಮನಿಗೆ ಅಮ್ಮ. ಆದರೆ ನಾಲ್ಕರಿಂದ ಐದರವರೆಗೆ, ಖಾಲಿ ಕ್ಲಾಸಿನಲ್ಲಿ, ಬರೀ ಗೋಲಿಯ ಅಮ್ಮ. ಅವಳು ನೋಟ್‌ಬುಕ್ ತಿದ್ದುತ್ತಿದ್ದರೆ ಗೋಲಿ ಬೋರ್ಡ್ ತುಂಬ ಗೀಚುತ್ತ ಇಡೀ ದಿನದ ಸುದ್ದಿ ಹೇಳಿ ಮುಗಿಸುತ್ತಿದ್ದಳು.

ಈ ವರ್ಷ ಎಲ್ಲ ಕೆಟ್ಟಿತು. ಹೊಸದಾಗಿ ಸೇರಿದ ಟೀಚರ್‌ಗಳಿಗೆ ಮೊದಲ ವರ್ಷ ಅನುಭವ ಇರುವವರೊಬ್ಬರು ಜೊತೆಗಿದ್ದು ಹೇಳಿಕೊಡಬೇಕು ಅಂತ ಸರ್ಕಾರ ಆರ್ಡರ್ ಮಾಡಿತು. ಗೋಲಿಯ ಐದನೇ ಕ್ಲಾಸಿಗೆ ಹೊಸ ಮಿಸ್ ಬಂದರು. ಅವರಿಗೆ ಜೊತೆಯಾಗಿ ಸಿಕ್ಕಿದ್ದು ಯಾರು? ಗೋಲಿಯ ಅಮ್ಮ! ಅದೂ ದಿನಾ ಅದೇ ನಾಲ್ಕರಿಂದ ಐದರವರೆಗೆ, ಗೋಲಿ ಹೊರಗೆ.

"ಪರವಾಗಿಲ್ಲ ಕಣಮ್ಮಾ, ಚೆನ್ನಾಗೇ ಮಾಡ್ದೆ," ಎಂದು ಅಮ್ಮ ಒಳಗೆ ಮಿಸ್‌ಗೆ ಹೇಳುತ್ತಿದ್ದಳು.

ಕಣಮ್ಮಾ! ಗೋಲಿ ಮೆಟ್ಟಿಲನ್ನು ಜೋರಾಗಿ ಒದ್ದಳು.

ಮಾರನೇ ದಿನ ಕೊನೆಯ ಪೀರಿಯಡ್. ಅಮ್ಮ ಗೋಲಿಯ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ಮಿಸ್‌ನ ಪಾಠ ನೋಡಿದಳು. ಹಸಿರು ನೋಟ್‌ಬುಕ್ಕಿನಲ್ಲಿ ಏನೇನೋ ಬರೆದುಕೊಂಡಳು. ಮಿಸ್ ಆ ದಿನ ಬೇಗ ಹೊರಟಿದ್ದರಿಂದ ಮಾತುಕತೆ ನಾಳೆಗೆ ಎಂದಾಯಿತು.

ಅಮ್ಮ ಟಿಫನ್ ಡಬ್ಬಿ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಗೋಲಿ ಆ ನೋಟ್‌ಬುಕ್ ತೆರೆದಳು.

'ಭಿನ್ನರಾಶಿ ಪಾಠ. ಕಾಗದ ಮಡಿಸಿ ತೋರಿಸಿದ್ದು ಬಹಳ ಚೆನ್ನಾಗಿತ್ತು.'

ಬಹಳ ಚೆನ್ನಾಗಿತ್ತಂತೆ! ಗೋಲಿಯ ಪುಸ್ತಕದಲ್ಲಿ ಅಮ್ಮ ಯಾವತ್ತಾದರೂ ಹಾಗೆ ಬರೆದಿದ್ದಾಳಾ? 'ಅಕ್ಷರ ಗುಂಡಗಿರಲಿ' ಅಂತ ಬರೆಯುತ್ತಾಳೆ, ಅಷ್ಟೇ.

ಕೆಳಗೆ ಇನ್ನೊಂದು ಸಾಲಿತ್ತು. '"ಗೊತ್ತಾಯ್ತಾ?" ಎಂದದ್ದು ಇಪ್ಪತ್ಮೂರು ಸಲ. ಮಕ್ಕಳು ಉತ್ತರ ಕೊಡುವ ಮೊದಲೇ ಮುಂದಕ್ಕೆ ಹೋಗುತ್ತಾಳೆ.'

ಗೋಲಿಯ ಕಣ್ಣು ಫಳ್ ಎಂದಿತು.

ಬೆಳಗ್ಗೆ ಅವಳು ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟಿದಳು. ಅದು ಬೆಂಚಿನಿಂದ ಬೆಂಚಿಗೆ ಹಾರಿತು. ಪಾಠ ಶುರುವಾಯಿತು. ಮಿಸ್ "ಗೊತ್ತಾಯ್ತಾ?" ಎಂದಾಗಲೆಲ್ಲ ಡೆಸ್ಕಿನ ಕೆಳಗೆ ಬೆರಳುಗಳು ಮಡಚಿಕೊಂಡವು.

"ಹನ್ನೊಂದು!" ಎಂದು ಯಾರೋ ಕೂಗಿಯೇಬಿಟ್ಟರು. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಏನದು ಹನ್ನೊಂದು?" ಮಿಸ್ ಕೇಳಿದರು. ಅವರೂ ನಗುತ್ತಿದ್ದರು.

"ನೀವು ಗೊತ್ತಾಯ್ತಾ ಅಂದಿದ್ದು ಮಿಸ್! ನಿನ್ನೆ ಇಪ್ಪತ್ಮೂರಂತೆ! ಗೋಲಿ ಹೇಳಿದ್ಲು."

ಮಿಸ್ ಗೋಲಿಯನ್ನು ನೋಡಿದರು. ನಗು ಹಾಗೇ ಆರಿಹೋಯಿತು. ಬೋರ್ಡಿನ ಕಡೆ ತಿರುಗಿ ಲೆಕ್ಕ ಬರೆಯತೊಡಗಿದರು. ಬೆಲ್ ಹೊಡೆಯುವವರೆಗೂ ಯಾರನ್ನೂ ಏನೂ ಕೇಳಲಿಲ್ಲ.

ಸಂಜೆ ನಾಲ್ಕಕ್ಕೆ ಮಿಸ್ ಬರಲಿಲ್ಲ. ಶಾಲೆಯ ಆಯಾ ಬಂದು, "ಹೊಸ ಟೀಚರ್ ಹೊರಟ್ರು. ಇನ್ಮೇಲೆ ಸಂಜೆ ಇಲ್ಲಿಗೆ ಬರಲ್ವಂತೆ, ಹೇಳ್ಬಿಡಿ ಅಂದ್ರು," ಎಂದಳು.

ಗೋಲಿ ಕುಣಿಯುತ್ತ ಬೋರ್ಡಿನ ಹತ್ತಿರ ಓಡಿದಳು. ಸುದ್ದಿ ಶುರು ಮಾಡಿದಳು. ಅಮ್ಮ "ಹೂಂ" ಎಂದಳು. ಮತ್ತೆ "ಹೂಂ" ಎಂದಳು. ಅವಳ ಕಣ್ಣು ಮಾತ್ರ ಬಾಗಿಲಿನ ಮೇಲೇ ಇತ್ತು.

"ನಾನೇನಾದ್ರೂ ನೋವಾಗೋ ಹಾಗೆ ಅಂದ್ನಾ?" ಅಮ್ಮ ತನಗೆ ತಾನೇ ಎಂಬಂತೆ ಹೇಳಿಕೊಂಡಳು.

"ಹೋಗ್ಲಿ ಬಿಡಮ್ಮ. ಸರ್ಕಾರ ಹೇಳ್ತು ಅಂತ ತಾನೇ ನೀನು ಮಾಡ್ತಿದ್ದಿದ್ದು?"

"ಇಲ್ಲ ಕಣೇ. ನಾನೇ ಹೆಡ್ ಮೇಡಂ ಹತ್ರ ಹೋಗಿ ಕೇಳ್ಕೊಂಡೆ." ಅಮ್ಮ ಪೆನ್ನಿನ ಮುಚ್ಚಳ ತಿರುವುತ್ತಿದ್ದಳು. "ನನ್ನ ಮೊದಲ್ನೇ ವರ್ಷ ಹೇಗಿತ್ತು ಗೊತ್ತಾ? ಮ್ಯಾಪ್ ಇಡೋ ರೂಮಲ್ಲಿ ಕೂತು ಅಳ್ತಿದ್ದೆ. ಏನಾಯ್ತು ಅಂತ ಒಬ್ರೂ ಕೇಳ್ಲಿಲ್ಲ."

ಅಮ್ಮ ಅಳುವುದನ್ನು ಗೋಲಿ ನೋಡಿಯೇ ಇರಲಿಲ್ಲ. ಅವಳ ಕೈಯಲ್ಲಿದ್ದ ಚಾಕ್‌ಪೀಸ್ ಎರಡು ತುಂಡಾಯಿತು.

"ಅಮ್ಮಾ... ನಿನ್ನ ನೋಟ್‌ಬುಕ್ ನಾನು ಓದ್ಬಿಟ್ಟೆ. ಕ್ಲಾಸಲ್ಲೂ ಹೇಳ್ಬಿಟ್ಟೆ."

ಗೋಲಿ ನಡೆದದ್ದೆಲ್ಲ ಹೇಳಿದಳು. ಅಮ್ಮ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟಳು. ಬೈದಿದ್ದರೇ ಚೆನ್ನಾಗಿತ್ತು.

"ಯಾಕೆ?"

"ನಾಲ್ಕು ಗಂಟೆ ನಂದಲ್ವಾ!" ಗೋಲಿ ಬಿಕ್ಕಿದಳು.

ಅಮ್ಮ ಅವಳನ್ನು ಹತ್ತಿರ ಎಳೆದುಕೊಂಡಳು. "ಹೌದು. ನಿನ್ನ ಒಂದ್ಮಾತೂ ಕೇಳ್ದೆ ಬೇರೆಯವರಿಗೆ ಕೊಟ್ಬಿಟ್ಟೆ. ಅದು ನನ್ನ ತಪ್ಪು. ಆದ್ರೆ ಮಿಸ್ ಹತ್ರ ನೀನೇ ಹೋಗಿ ಮಾತಾಡ್ಬೇಕು."

ರಾತ್ರಿಯೆಲ್ಲ ಗೋಲಿ ಮಿಸ್‌ಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದಳು. ಬೆಳಗ್ಗೆ ಸ್ಟಾಫ್ ರೂಮಿನ ಮುಂದೆ ನಿಂತಾಗ ಒಂದು ಪದವೂ ನೆನಪಿಗೆ ಬರಲಿಲ್ಲ.

"ಅಮ್ಮ ಹೇಳಿದ್ದಲ್ಲ ಮಿಸ್. ಅಮ್ಮ ಯಾರ ಹತ್ರಾನೂ ಹೇಳಲ್ಲ. ನಾನೇ ಕದ್ದು ಓದಿದ್ದು. ಸಾರಿ."

ಮಿಸ್ ತಲೆಯೆತ್ತದೆ ನೋಟ್‌ಬುಕ್ ತಿದ್ದುತ್ತಲೇ ಇದ್ದರು.

"ಅದ್ರಲ್ಲಿ ಇನ್ನೂ ಒಂದಿತ್ತು. ಕಾಗದ ಮಡಿಸಿ ತೋರಿಸಿದ್ದು ಬಹಳ ಚೆನ್ನಾಗಿತ್ತು ಅಂತ. ಅದನ್ನ ನಾನು ಯಾರಿಗೂ ಹೇಳ್ಲಿಲ್ಲ."

"ಹಾಗೆ ಬರ್ದಿದ್ರಾ?" ಮಿಸ್ ಥಟ್ಟನೆ ತಲೆಯೆತ್ತಿದರು. "ನಿಜವಾಗ್ಲೂ? ಬಹಳ ಅಂತಾನೇ ಇತ್ತಾ?"

ಗೋಲಿ ತಲೆಯಾಡಿಸಿದಳು. ಅವಳಿಗೆ ಆಶ್ಚರ್ಯವಾಯಿತು. ಅಷ್ಟು ದೊಡ್ಡವರಿಗೂ ಅಮ್ಮನಿಂದ ಅದೇ ಮಾತು ಬೇಕಾಗಿತ್ತು.

ಆ ಸಂಜೆ ಮಿಸ್ ಬಂದರು. ಅಮ್ಮನ ಎದುರಿನ ಬೆಂಚಿನಲ್ಲಿ ಕೂತು, "ಇವತ್ತು ಕ್ಲಾಸಿಗೆ ಹೋಗೋಕೇ ಭಯ ಆಗಿತ್ತು," ಎನ್ನುವಷ್ಟರಲ್ಲಿ ಅವರು ಅತ್ತೇಬಿಟ್ಟರು. ಅಮ್ಮ ಅವರ ಬೆನ್ನ ಮೇಲೆ ಕೈಯಿಟ್ಟಳು.

ಹೊರಗಿದ್ದ ಗೋಲಿಗೆ ಎದೆಯಲ್ಲಿ ಮತ್ತೆ ಚುಚ್ಚಿತು. ಅಷ್ಟರಲ್ಲಿ ಆಟ ಮುಗಿಸಿದ ಹುಡುಗರು ಗಲಾಟೆ ಮಾಡುತ್ತ ವರಾಂಡಕ್ಕೆ ನುಗ್ಗಿದರು. ಗೋಲಿ ಎದ್ದಳು. ಯಾರಿಗೂ ಒಳಗೆ ಕಾಣದಂತೆ, ಕ್ಲಾಸಿನ ಬಾಗಿಲನ್ನು ಸದ್ದಾಗದ ಹಾಗೆ ಎಳೆದು ಮುಚ್ಚಿದಳು.