ಕೋಶಕೇಂದ್ರವಿಲ್ಲದ ರಕ್ತ

"ನನ್ನ ಮಗಳು ಓಡಿಹೋಗೋಳಲ್ಲ, ಡಾಕ್ಟ್ರಮ್ಮ," ಎಂದು ಮುನಿರಾಜಪ್ಪ ಬಾಗಿಲಲ್ಲೇ ನಿಂತು ಹೇಳಿದರು.

ಅದು 1996ರ ಶ್ರಾವಣ. ಡಾ. ವಿಮಲಾಕ್ಷಿಯವರ ಹಲಸೂರಿನ ಲ್ಯಾಬಿನಲ್ಲಿ ಸ್ಲೈಡು ಸಿದ್ಧಪಡಿಸುವುದು ನನ್ನ ಕೆಲಸವಾಗಿತ್ತು. ಪೊಲೀಸರಿಗೆ ಬಗೆಹರಿಯದ ಪ್ರಕರಣಗಳನ್ನು ಅವರು ಬಿಡಿಸುವಾಗಲೂ ನಾನು ಜೊತೆಗಿರುತ್ತಿದ್ದೆ.

ಮುನಿರಾಜಪ್ಪ ಕೆ.ಆರ್. ಪುರದವರು. ಮಗಳು ಭವ್ಯಳನ್ನು ದೊಮ್ಮಲೂರಿನ ಶ್ರೀನಾಥನಿಗೆ ಕೊಟ್ಟಿದ್ದರು. ಮಕ್ಕಳಾಗಿರಲಿಲ್ಲ. ಅತ್ತೆ ದೊಡ್ಡಮುನಿಯಮ್ಮ ಸೊಸೆಯನ್ನು ಬಂಜೆ ಎಂದೇ ಕರೆಯುತ್ತಿದ್ದಳು. ನೆಂಟರ ಸೀಮಂತಕ್ಕೆ ಕರೆದೊಯ್ದು ಬಾಗಿಲ ಹೊರಗೆ ಕೂರಿಸುತ್ತಿದ್ದಳು. ಕಳೆದ ಶನಿವಾರ ಭವ್ಯ ಕಾಣೆಯಾಗಿದ್ದಳು. ಯಾರದೋ ಜೊತೆ ಹೋದಳೆಂದು ಅತ್ತೆ ಕೇರಿಗೆಲ್ಲ ಹೇಳಿದ್ದಳು.

"ಹಿಂದಿನ ದಿನ ಫೋನ್ ಮಾಡಿದ್ಲು. 'ಟೆಸ್ಟಲ್ಲಿ ನಂಗೇನೂ ತೊಂದ್ರೆ ಇಲ್ಲ ಅಂತ ಬಂತಪ್ಪಾ, ಅತ್ತೆಗೆ ಹೇಳ್ಬಿಡ್ತೀನಿ' ಅಂದ್ಲು. ತುಂಬ ದಿನದ ಮೇಲೆ ನಕ್ಕಿದ್ಲು."

ಇನ್ಸ್‌ಪೆಕ್ಟರ್ ಅಹ್ಮದ್ ಪಾಷಾ ಜೊತೆ ನಾವು ದೊಮ್ಮಲೂರಿಗೆ ಹೋದೆವು. ಶ್ರೀನಾಥ ತಲೆ ತಗ್ಗಿಸಿಯೇ ಮಾತಾಡಿದ. "ಶನಿವಾರ ಬೆಳಗ್ಗೆಯಿಂದ ಫ್ಯಾಕ್ಟರೀಲಿದ್ದೆ, ಮೇಡಂ. ಸಂಜೆ ಬಂದಾಗ ಅಮ್ಮ ಮುದ್ದೆ, ಬಸ್ಸಾರು ಇಕ್ಕಿದ್ರು. ಆಮೇಲೆ ಅವಳು ಹೋದ್ಲು ಅಂದ್ರು." ಅವನು ದಿನವಿಡೀ ಫ್ಯಾಕ್ಟರಿಯಲ್ಲಿದ್ದದ್ದು ನಿಜವೆಂದು ಪಾಷಾ ವಿಚಾರಿಸಿ ತಿಳಿದಿದ್ದರು.

ಹಿತ್ತಲಲ್ಲಿ ಒಗೆಯುವ ಕಲ್ಲಿನ ಬಿರುಕಿನಲ್ಲಿ ಕಪ್ಪಗೆ ರಕ್ತ ಒಣಗಿತ್ತು. ಸುತ್ತ ಕೋಳಿ ಪುಕ್ಕ. ಪಕ್ಕದಲ್ಲೇ ಇದ್ದ ಪಾಳುಬಾವಿಗೆ ಹೊಸದಾಗಿ ಸಗಣಿ, ಕಸ ಸುರಿದಿದ್ದರು.

"ಶನಿವಾರ ನಾನೇ ಕೋಳಿ ಕುಯ್ದೆ ಕಣವ್ವ," ಎಂದಳು ದೊಡ್ಡಮುನಿಯಮ್ಮ. ವಿಮಲಾಕ್ಷಿ ಬ್ಲೇಡಿನಿಂದ ಮೇಲಿನ ಪದರವನ್ನೂ ಬಿರುಕಿನ ಆಳದ್ದನ್ನೂ ಬೇರೆಬೇರೆ ಕೆರೆದುಕೊಂಡರು.

ಲ್ಯಾಬಿನಲ್ಲಿ ಎರಡಕ್ಕೂ ನಾನೇ ಬಣ್ಣ ಹಾಕಿದೆ. "ಏನ್ ಕಾಣಸ್ತದ, ಶ್ರೇಯಾ?" ಎಂದು ವಿಮಲಾಕ್ಷಿ ಕೇಳಿದರು. ಮೇಲಿನ ಪದರದ ಕೆಂಪು ಕಣಗಳು ಅಂಡಾಕಾರ. ಪ್ರತಿಯೊಂದರ ನಡುವೆ ಕಡುನೀಲಿ ಚುಕ್ಕೆ. ಆಳದವು ಮುದುಡಿದ್ದರೂ ದುಂಡಗಿದ್ದವು. ಅವುಗಳ ನಡುವೆ ಏನೂ ಇರಲಿಲ್ಲ.

ಮರುದಿನ ಎಲ್ಲರನ್ನೂ ಅದೇ ಹಿತ್ತಲಿಗೆ ಸೇರಿಸಿದರು. ಬಾವಿಯ ಸುತ್ತ ಪೊಲೀಸರು ಹಗ್ಗ ಹಿಡಿದು ನಿಂತಿದ್ದರು.

"ಕೋಳಿಯ ಕೆಂಪು ರಕ್ತಕಣದೊಳಗ ಕೋಶಕೇಂದ್ರ ಇರ್ತದ," ಎಂದರು ವಿಮಲಾಕ್ಷಿ. "ಮನುಷ್ಯರ ಕಣ ಬಲಿಯುವಾಗ ಅದನ್ನ ಹೊರಗ ಹಾಕ್ತದ. ಆಗ ಆಮ್ಲಜನಕ ಹೊರಲಿಕ್ಕೆ ಜಾಗ ಸಿಗ್ತದ. ಈ ಕಲ್ಲಿನ ಮ್ಯಾಲಿನ ರಕ್ತ ಕೋಳೀದು. ಕೆಳಗಿಂದು ಅಲ್ಲ."

"ಕುರೀದಿರಬಹುದಲ್ವಾ?" ಎಂದರು ಪಾಷಾ.

"ಇರಬಹುದಿತ್ತು. ಕಣ ಅಷ್ಟ ಸಾಕ್ಷಿ ಅಲ್ಲ. ಆದ್ರ ಶ್ರಾವಣ ಶನಿವಾರ ಈ ಮನೀಯೊಳಗ ಯಾರು ಮಾಂಸ ತಿಂತಾರ? ಕೋಳಿ ಕುಯ್ದ ಸಂಜೀನ ಮಗ ಬಸ್ಸಾರು ಉಂಡಾನ. ಅಂದ್ರ ಕೋಳಿ ಸತ್ತದ್ದು ಊಟಕ್ಕಲ್ಲ, ಕೆಳಗಿನ ರಕ್ತ ಮುಚ್ಚಲಿಕ್ಕೆ. ಮಗ ಫ್ಯಾಕ್ಟರಿಯೊಳಗಿದ್ದ. ಕೋಳಿ ಕುಯ್ದದ್ದು ನಾನೇ ಅಂತ ನೀವೇ ಹೇಳೀರಿ, ಅಮ್ಮಾ."

ವಿಮಲಾಕ್ಷಿ ಶ್ರೀನಾಥನ ಕಡೆ ತಿರುಗಿದರು. "ಭವ್ಯಾಗ ತೊಂದ್ರಿ ಇರಲಿಲ್ಲ. ನೀವು ಯಾವಾಗ ಟೆಸ್ಟ್ ಮಾಡಿಸಿದ್ರಿ?"

ಅವನು ಹೇಳಿದ. "ಮದುವೆಯಾದ ಮಾರನೇ ವರ್ಷ. ವೀರ್ಯಾಣುಗಳಿಗೆ ಬಾಲ ಸರಿಯಿಲ್ಲ, ಚಲಿಸಲ್ಲ ಅಂದ್ರು. ಅವಳಿಗೆ ಹೇಳ್ಲಿಲ್ಲ."

"ಇಷ್ಟು ವರ್ಷ ಅವಳನ್ನ ಹೊರಗೆ ಕೂರಿಸ್ತಿದ್ರೆ ನೋಡ್ಕೊಂಡು ಸುಮ್ನಿದ್ಯಾ?" ಎಂದರು ಮುನಿರಾಜಪ್ಪ.

ಅಷ್ಟರಲ್ಲಿ ಬಾವಿಗಿಳಿದಿದ್ದ ಪೊಲೀಸನ ಕೂಗು ಬಂತು. ಭವ್ಯಳನ್ನು ಮೇಲೆತ್ತಿದರು. ತಲೆ ಒಡೆದಿತ್ತು. ಉಗುರುಗಳಲ್ಲಿ ಬಾವಿಯ ಗೋಡೆಯ ಮಣ್ಣು ತುಂಬಿತ್ತು.

"ನನ್ನ ಮಗನ್ನ ಗಂಡಸಲ್ಲ ಅಂದ್ಲು," ಎಂದಳು ದೊಡ್ಡಮುನಿಯಮ್ಮ, ಅಡುಗೆಯ ವಿಷಯ ಹೇಳುವಷ್ಟೇ ಸಲೀಸಾಗಿ. "ಗುಂಡುಕಲ್ಲಲ್ಲಿ ಹೊಡೆದೆ. ಸತ್ಲು ಅಂದ್ಕೊಂಡು ತಳ್ಳಿದೆ. ಮಧ್ಯಾಹ್ನವೆಲ್ಲ 'ಅತ್ತೆ, ಅತ್ತೆ' ಅಂತ ಕೂಗ್ತಿದ್ಲು. ಸಗಣಿ ಸುರಿದ್ಮೇಲೆ ನಿಂತ್ಹೋಯ್ತು."

ಮುನಿರಾಜಪ್ಪ ಮಗಳ ಪಕ್ಕ ಕುಳಿತು, ಹೆಗಲ ಮೇಲಿನ ಟವೆಲಿನಿಂದ ಅವಳ ಬಾಯಿಯೊಳಗಿನ ಸಗಣಿಯನ್ನು ಒರೆಸತೊಡಗಿದರು.

ಶ್ರೀನಾಥ ಆ ಕಡೆ ನೋಡಲಿಲ್ಲ. ಪಾಷಾರ ಹತ್ತಿರಕ್ಕೆ ಸರಿದು, ನಮಗೆ ಕೇಳಿಸದಿರಲೆಂದು ದನಿ ತಗ್ಗಿಸಿ ಕೇಳಿದ: "ಸಾರ್, ಆ ಟೆಸ್ಟ್ ವಿಷಯ ಸ್ಟೇಷನ್ನಲ್ಲೂ ಬರೆಸ್ಬೇಕಾ?"