ವಾಪಸ್ ಬಂದ ಮೇಲ್

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ನರ್ಸ್, ತನ್ನ ದೂರು ಹೇಳುವ ಮೊದಲು ಠಾಣೆಯ ಮೇಲೆಯೇ ದೂರಿದಳು.

“ಮೂರು ಸಲ ಮೇಲ್ ಕಳಿಸ್ದೆ ಸರ್. ಮೂರೂ ವಾಪಸ್ ಬಂತು. ನಿಮ್ಮ ಇನ್‌ಬಾಕ್ಸ್ ತುಂಬಿದೆಯಂತೆ.”

ಇನ್‌ಸ್ಪೆಕ್ಟರ್ ಅವಳ ಫೋನ್ ತೆಗೆದುಕೊಂಡು ಓದಿದರು. ಠಾಣೆಯ ಮೇಲ್ ವಿಳಾಸ, ಅದರ ಕೆಳಗೆ ಜಾಗವಿಲ್ಲ ಎಂಬ ಸೂಚನೆ. ಹಳೆಯ ಸುತ್ತೋಲೆಗಳನ್ನು ಅಳಿಸಬೇಕಾಗಿದ್ದವರು ಅವರೇ. ಮುಖ ಸಣ್ಣದು ಮಾಡಿಕೊಂಡು ಕುರ್ಚಿ ತೋರಿಸಿದರು.

ಹೊಡೆಯುವ ಗಂಡನನ್ನು ಬಿಟ್ಟು, ಆರು ವರ್ಷದ ಮಗಳೊಂದಿಗೆ ಬೇರೆ ಇದ್ದವಳು ಆಕೆ. ಹತ್ತಿರ ಸುಳಿಯಬಾರದೆಂದು ಅವನಿಗೆ ನ್ಯಾಯಾಲಯದ ಆದೇಶವಿತ್ತು. ಆದರೂ ಅವಳು ಎರಡು ಮನೆ ಬದಲಿಸಿದ್ದಳು, ಎರಡೂ ಸಲ ವಾರದೊಳಗೆ ಅವನು ಬಾಗಿಲು ಬಡಿದಿದ್ದ.

“ವಿಳಾಸ ಯಾರಿಗೆ ಗೊತ್ತಿತ್ತು?”

“ನಮ್ಮಮ್ಮನಿಗೂ ಹೇಳಿಲ್ಲ. ಬಾಡಿಗೆ ಕರಾರು, ಸ್ಕೂಲಿನ ಪತ್ರ ಎಲ್ಲಾ ಆಸ್ಪತ್ರೆ ಮೇಲ್‌ಗೆ ಬರುತ್ತೆ, ಅಷ್ಟೇ.”

“ಆ ಮೇಲ್ ಬೇರೆ ಯಾರಿಗಾದ್ರೂ ಹೋಗ್ತಿದೆಯಾ?”

“ಪಾಸ್‌ವರ್ಡ್ ಬದಲಿಸ್ದೆ. ಆಸ್ಪತ್ರೆ ಸರ್ವರ್ ನೋಡ್ಕೊಳ್ಳೋರು, ನಾವೆಲ್ಲ ಮೇಲ್ ಅಣ್ಣ ಅಂತೀವಿ, ಅವರನ್ನೂ ಕೇಳ್ದೆ. ಏನೂ ಇಲ್ಲ ತಂಗಿ, ನಿನ್ನ ಭ್ರಮೆ ಅಂದ್ರು. ಎಲ್ಲರೂ ಹಾಗೇ ಅಂತಾರೆ.” ಫೋನ್ ವಾಪಸ್ ತೆಗೆದುಕೊಂಡು ಹೇಳಿದಳು: “ಈಗ ಮೂರನೇ ಮನೆ. ಮಗು ತಾನು ಬರೆದ ಚಿತ್ರ ಗೋಡೆಗೆ ಹಾಕು ಅಂತ ಪ್ರಾಣ ತಿನ್ನುತ್ತೆ. ಯಾವ ಮನೇಲೂ ನಾನು ಒಂದು ಮೊಳೆ ಹೊಡೆದಿಲ್ಲ ಸರ್.”

ಎಫ್‌ಐಆರ್ ದಾಖಲಾಯಿತು. ಹೊಸ ಮನೆಯ ಕರಾರನ್ನು ಸದ್ಯಕ್ಕೆ ಮೇಲ್ ಮಾಡಬೇಡಿ ಎಂದು ಮಹಿಳಾ ಹೆಡ್ ಕಾನ್‌ಸ್ಟೇಬಲ್ ಮನೆ ಮಾಲೀಕರಿಗೆ ಫೋನ್ ಮಾಡಿದರು.

ಮಂಗಳವಾರ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಇಬ್ಬರೂ ಆಸ್ಪತ್ರೆಯ ಸರ್ವರ್ ಕೋಣೆಗೆ ಹೋದರು. ಮೇಲ್ ಅಣ್ಣ ಐವತ್ತರ ಆಸುಪಾಸಿನವನು, ಸ್ವೆಟರ್ ಹಾಕಿಕೊಂಡಿದ್ದ. ದೊಡ್ಡ ಡಾಕ್ಟರುಗಳೂ ಇನ್‌ಬಾಕ್ಸಿಗೆ ಇನ್ನಷ್ಟು ಜಾಗ ಕೊಡಪ್ಪಾ ಎಂದು ಅವನ ಬಾಗಿಲಿಗೇ ಬರಬೇಕು. ನರ್ಸಿನ ಖಾತೆ ತೆರೆದು ತೋರಿಸಿದ. ಫಾರ್ವರ್ಡ್ ಎಂಬ ಜಾಗ ಖಾಲಿ ಇತ್ತು.

“ಸರ್ವರಿಗೆ ಬೇರೆ ಯಾರಾದ್ರೂ ಕೈ ಹಾಕಬಹುದಾ?”

“ನನ್ನ ಬಿಟ್ರೆ ಒಂದು ನೊಣಾನೂ ಒಳಗೆ ಬರಲ್ಲ ಸರ್,” ಎಂದ, ಹೆಮ್ಮೆಯಿಂದಲೇ.

ಜೀಪಿನಲ್ಲಿ ಇನ್‌ಸ್ಪೆಕ್ಟರಿಗೆ ಠಾಣೆಯ ತುಂಬಿದ ಇನ್‌ಬಾಕ್ಸ್ ನೆನಪಾಯಿತು. ಜಾಗವಿಲ್ಲದಿದ್ದರೆ ಕಳಿಸಿದವನಿಗೆ ಸೂಚನೆ ಬರುತ್ತದೆ, ತುಂಬಿದ್ದು ಯಾರದು ಎಂದೂ ಅದರಲ್ಲಿ ಇರುತ್ತದೆ.

“ಮೇಲ್ ಎಲ್ಲಿಗೆ ಹೋಗ್ತಿದೆಯೋ ನಮಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ರೆ ಬೇಡ, ಅದನ್ನ ತುಂಬಿಸಿಬಿಡೋಣ,” ಎಂದರು.

ಬುಧವಾರ, ಠಾಣೆಯ ಮೇಲ್‌ನಿಂದ ಹಳೆಯ ಸುತ್ತೋಲೆಗಳನ್ನು ಅಳಿಸಿ, ಗಂಡ ಫೋನ್ ಒಳಗೆ ಬಿಡದ ಕಾರ್ಖಾನೆಯ ಪಾಳಿಗೆ ಹೋದದ್ದನ್ನು ಖಚಿತಪಡಿಸಿಕೊಂಡು, ಬೆಳಿಗ್ಗೆ ಎಂಟಕ್ಕೆ ಶುರುವಾಯಿತು. ಠಾಣೆಯ ಅಂಗಳ, ಮುರಿದ ಕುರ್ಚಿ, ಪಂಕ್ಚರ್ ಆದ ಜೀಪು, ನಿದ್ದೆ ಹೋದ ಪೇದೆ, ಕಣ್ಣಿಗೆ ಬಿದ್ದದ್ದರ ದೊಡ್ಡ ದೊಡ್ಡ ಫೋಟೊಗಳನ್ನೆಲ್ಲ ನರ್ಸಿನ ವಿಳಾಸಕ್ಕೆ ಕಳಿಸತೊಡಗಿದರು. ಅವಳು ಠಾಣೆಯಲ್ಲೇ ಕುಳಿತು, ತನ್ನ ಇನ್‌ಬಾಕ್ಸ್ ತುಂಬದಂತೆ ಬಂದಬಂದದ್ದನ್ನು ಅಳಿಸುತ್ತಿದ್ದಳು. ಸಿಬ್ಬಂದಿ ಇಷ್ಟು ಹುರುಪಿನಿಂದ ಕೆಲಸ ಮಾಡಿದ್ದನ್ನು ಇನ್‌ಸ್ಪೆಕ್ಟರ್ ಎಂದೂ ಕಂಡಿರಲಿಲ್ಲ.

ಹನ್ನೆರಡೂ ನಲವತ್ತಕ್ಕೆ ಒಂದು ಫೋಟೊ ವಾಪಸ್ ಬಂತು. ಜಾಗವಿಲ್ಲ ಎಂದಿತ್ತು. ಮೇಲಿದ್ದ ವಿಳಾಸ ನರ್ಸಿನದಲ್ಲ.

“ಇದು ನನ್ನ ಗಂಡನ ಮೇಲ್,” ಎಂದಳು. ನಗುತ್ತಲೇ ಅತ್ತುಬಿಟ್ಟಳು. “ಸದ್ಯ. ನನಗೆ ತಲೆ ಕೆಟ್ಟಿಲ್ಲ, ಅಲ್ವಾ ಮೇಡಂ?”

“ನೆಟ್ಟಗೇ ಇದೆ ತಾಯಿ,” ಎಂದರು ಹೆಡ್ ಕಾನ್‌ಸ್ಟೇಬಲ್.

ಎರಡು ಗಂಟೆಗೆ ಪಂಚ ಸಾಕ್ಷಿಗಳ ಸಮೇತ ಸರ್ವರ್ ಕೋಣೆ ತಲುಪಿದರು. ವಾಪಸ್ ಬಂದ ಮೇಲನ್ನು ಇನ್‌ಸ್ಪೆಕ್ಟರ್ ಮೇಲ್ ಅಣ್ಣನ ಮುಂದಿಟ್ಟರು.

“ಯಾರೂ ಒಳಗೆ ಬರಲ್ಲ ಅಂದ್ರಿ. ಹಾಗಾದ್ರೆ ಇದನ್ನ ಹಾಕಿದ್ದು ಯಾರು?”

ಆತ ಇನ್ನೊಂದು ಪರದೆ ತೆರೆದ. ಫಾರ್ವರ್ಡ್ ಆದೇಶ ನರ್ಸಿನ ಖಾತೆಯಲ್ಲಿರಲಿಲ್ಲ, ಖಾತೆದಾರರ ಕಣ್ಣಿಗೆ ಬೀಳದ ಹಾಗೆ ಸರ್ವರಿನಲ್ಲಿಯೇ ಇತ್ತು. ಏಳು ತಿಂಗಳ ಹಿಂದೆ, ಅವನದೇ ಲಾಗಿನ್‌ನಿಂದ ಹಾಕಿದ್ದು. ಪಂಚನಾಮೆ ಬರೆದು ಆತನನ್ನು ಬಂಧಿಸಲಾಯಿತು. ಸಂಜೆ ಪಾಳಿ ಮುಗಿಸಿ ಕಾರ್ಖಾನೆಯ ಗೇಟಿನಿಂದ ಹೊರಬಂದ ಗಂಡನೂ ಸಿಕ್ಕಿಬಿದ್ದ.

ಮೇಲ್ ಅಣ್ಣನಿಗೆ ದುಡ್ಡಿನ ಆಸೆಯೇನೂ ಇರಲಿಲ್ಲ. ಠಾಣೆಯಲ್ಲಿ ಆತ ತಲೆ ಎತ್ತದೆ ಹೇಳಿದ: “ಅವಳ ಗಂಡ ನನ್ನ ಮುಂದೆ ಕೂತು ಅತ್ತ ಸರ್. ಮಗಳ ಮುಖ ನೋಡಬೇಕು ಅಂದ. ನನ್ನ ಹೆಂಡ್ತೀನೂ ಮಗು ಕರ್ಕೊಂಡು ಹೋದೋಳು, ಹದಿನೈದು ವರ್ಷ ಆಯ್ತು. ಎಲ್ಲಿದ್ದಾಳೆ ಅಂತ ನನಗೆ ಒಬ್ಬರೂ ಹೇಳ್ಲಿಲ್ಲ.”

“ನೀವೂ ಹೊಡೀತಿದ್ರಾ?” ಹೆಡ್ ಕಾನ್‌ಸ್ಟೇಬಲ್ ಕೇಳಿದರು.

ಆತ ಸ್ವೆಟರಿನ ತೋಳು ಕೆಳಗೆಳೆದುಕೊಂಡ.

“ಹೊಡೀತಿದ್ದೆ,” ಎಂದ.

ಬಂಧನದ ಸುದ್ದಿ ತಿಳಿಸಲು ಹೆಡ್ ಕಾನ್‌ಸ್ಟೇಬಲ್ ನರ್ಸಿಗೆ ಫೋನ್ ಮಾಡಿದರು. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಆ ಕಡೆಯಿಂದ ದಬದಬ ಬಡಿಯುವ ಸದ್ದು ಬಂದು ಹೆಡ್ ಕಾನ್‌ಸ್ಟೇಬಲ್ ಕುರ್ಚಿಯಿಂದ ಎದ್ದುನಿಂತರು.

“ಯಾರದು? ಬಾಗಿಲು ಯಾರು ಬಡೀತಿರೋದು?”

“ಬಾಗಿಲಲ್ಲ ಮೇಡಂ,” ಎಂದಳು ನರ್ಸ್. “ಮೊಳೆ ಹೊಡೀತಿದ್ದೀನಿ.”