ಮುಸ್ಸಂಜೆಗೆ ಉಸಿರಾಡುವ ಪೆಟ್ಟಿಗೆ

ಯಾರೂ ಮುಟ್ಟಲಿಲ್ಲ. ಆದರೂ ಅದು ಎದ್ದಿತು!

ಮೊದಲು ಒಂದು ಹಸಿರು ಕಣ್ಣು ತೆರೆಯಿತು. ಆಮೇಲೆ ಪೆಟ್ಟಿಗೆಯೊಳಗಿಂದ ಫ್ಯಾನಿನ ಸದ್ದು... ಆಳದಲ್ಲಿ ಮುಳುಗಿದವರು ನೀರಿನ ಮೇಲೆ ಬಂದು ಎಳೆದುಕೊಳ್ಳುವ ಮೊದಲ ಉಸಿರಿನಂತೆ.

ಚಂದನಾಳ ಕೈಯಲ್ಲಿದ್ದ ದೀಪದ ಕುಡಿ ಅಲುಗಿತು. ಅಜ್ಜಿ ಈಗಷ್ಟೇ ಧೂಪ ತೋರಿಸಿ ಹೋದ ಕೋಣೆಯಲ್ಲಿ ಹೊಗೆ ಇನ್ನೂ ತೂಗುತ್ತಿತ್ತು. ಆ ಹೊಗೆಯ ನಡುವೆ ಕಂಪ್ಯೂಟರು ಕೆಲವೇ ಕ್ಷಣ ಉಸಿರಾಡಿತು. ಮತ್ತೆ ಯಾರೋ ಕತ್ತು ಹಿಸುಕಿದಂತೆ ತಣ್ಣಗಾಯಿತು.

ತಿರುಗಿದರೆ, ಬಾಗಿಲಲ್ಲಿ ಒಂದು ಆಕಾರ ನಿಂತಿತ್ತು!

“ಯಾ... ಯಾರು?”

“ನಾನೇ, ಸುಮಿತ. ಬಸ್ಸು ತಡ ಆತು.” ಅವನ ಕಣ್ಣು ಅವಳ ಮೇಲಿರಲಿಲ್ಲ, ಪೆಟ್ಟಿಗೆಯ ಮೇಲಿತ್ತು. “ಬಟನ್ ಒತ್ತಿದ್ಯಾ ನೀನು?”

“ಇಲ್ಲ.”

“ಮತ್ತೆ ಯಾರು ಒತ್ತಿದ್ದು?”

ಅವಳು ದೀಪವನ್ನು ತುಸು ಎತ್ತಿದಳು. ದೀಪದ ಬೆಳಕು ಅವನ ಕೆನ್ನೆಯ ಅರ್ಧವನ್ನಷ್ಟೇ ಬರೆದಿತ್ತು. ಉಳಿದರ್ಧ ಸಂಜೆಯದು. ಇಷ್ಟು ಹತ್ತಿರ ನಿಂತರೂ ಇವನನ್ನು ಕಣ್ಣೆತ್ತಿ ನೋಡಲಾಗುವುದಿಲ್ಲವಲ್ಲ ಎಂದು ಅವಳ ಎದೆ ನೊಂದಿತು.

ಸುಮಿತ ಕಾರವಾರದವನು. ಅವನ ಮನೆಯಲ್ಲಿ ಎಲ್ಲರೂ ಸಮುದ್ರದ ಮೇಲೆ ಬದುಕಿದವರು. ಬಲೆ ಬಿಟ್ಟು ಸ್ಕ್ರೂಡ್ರೈವರ್ ಹಿಡಿದವನು ಅವನೊಬ್ಬನೇ. ಚಂದನಾ ಟೈಪಿಂಗ್ ಕಲಿಯಲು ಹೋಗುತ್ತಿದ್ದ ಕೇಂದ್ರದಲ್ಲಿ ಅವನು ಕೆಟ್ಟ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಮನೆಯಲ್ಲೇ ಕೂತು ಮದುವೆ ಪತ್ರಿಕೆ ಮಾಡಿಕೊಡುವ ಅವಳ ಆಸೆಗಾಗಿ, ಹುಬ್ಬಳ್ಳಿಯಿಂದ ಬಿಡಿಭಾಗ ತರಿಸಿ, ಅಂಕೋಲೆಯ ಕಡಲಂಚಿನ ಈ ಮನೆಯ ಜಗಲಿಕೋಣೆಯಲ್ಲೇ ಕೂತು ಕೂಡಿಸಿದ. ಯಾರ ನೆರವೂ ಇಲ್ಲದೆ ಅವನು ಕಟ್ಟಿದ ಮೊದಲ ಕಂಪ್ಯೂಟರು ಅದು.

ಬಟನ್ ಒತ್ತಿದರೆ ಅದು ಕಲ್ಲು. ಮುಸ್ಸಂಜೆಯಾದರೆ ಮಾತ್ರ ತಾನಾಗಿ ಎದ್ದು, ಒಮ್ಮೆ ಉಸಿರಾಡಿ, ಸಾಯುತ್ತಿತ್ತು.

“ಅಪ್ಪ ಒಂದೇ ಮಾತು ಹೇಳಿದಾನೆ,” ಎಂದ ಸುಮಿತ, ನೆಲದ ಮೇಲೆ ಚೀಲ ಬಿಚ್ಚುತ್ತ. “ಇದು ನಡೆದ್ರೆ ನನ್ನ ದಾರಿ ನಂಗೆ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಟ್ರಾಲರ್ ಹತ್ತಬೇಕು. ರತ್ನಾಗಿರಿ ಬದಿಗೆ ಹೊರಟದೆ. ಒಮ್ಮೆ ಹತ್ತಿದ್ರೆ ಇತ್ಲಾಗೆ ಬರೂದು ಮರೆತ್ಬಿಡು.”

ನಾಳೆಯೇ!

ಅವಳಿಗೆ ಕಡಲಿನ ಸದ್ದು ಇದ್ದಕ್ಕಿದ್ದಂತೆ ಹತ್ತಿರವಾಯಿತು... ಹೊಸಿಲಿನಾಚೆಯೇ ನಿಂತು ಕಿವಿಗೊಟ್ಟಂತೆ.

ಏಕೆಂದರೆ ಅವಳೊಬ್ಬಳಿಗೇ ಗೊತ್ತಿದ್ದ ಸಂಗತಿಯೊಂದಿತ್ತು.

ಅವರಿಬ್ಬರ ಮನೆತನಗಳಲ್ಲೂ ಹೊಸ ದೋಣಿ ನೀರಿಗಿಳಿಯುವ ಮುನ್ನ, ದೋಣಿಯವನ ಹೆಂಡತಿ ಕರಟದಲ್ಲಿ ಸಮುದ್ರದ ನೀರು ತಂದು ಅದರ ಮೂತಿಗೆ ಚಿಮುಕಿಸಬೇಕು. ‘ಇವನು ನನ್ನವನು, ಮರಳಿ ಕೊಡು’ ಎಂದು ಮನಸ್ಸಿನಲ್ಲೇ ಕಡಲಿಗೆ ಹೇಳಬೇಕು. ಯಾರೂ ನೋಡಬಾರದು, ಯಾರಿಗೂ ಹೇಳಬಾರದು. ತಾಯಿ, ತಂಗಿ ಯಾರಿಗೂ ಆ ಹಕ್ಕಿಲ್ಲ, ಹೆಂಡತಿಗೆ ಮಾತ್ರ.

ಕಂಪ್ಯೂಟರು ಕೂಡಿಸಿದ ದಿನ, ಅದರ ಪಕ್ಕದ ಮುಚ್ಚಳ ಹಾಕುವ ಮೊದಲು ಸುಮಿತ ಊಟಕ್ಕೆ ಎದ್ದಿದ್ದ. ತೆರೆದ ಪೆಟ್ಟಿಗೆಯ ಮುಂದೆ ಚಂದನಾ ಕರಟ ಹಿಡಿದು ನಿಂತಿದ್ದಳು. ಇದೇ ಅವನ ದೋಣಿಯಲ್ಲವೇ? ಇದೇ ಅಲ್ಲವೇ ಅವನು ನೆಚ್ಚಿ ಹೊರಟದ್ದು? ಬೆರಳ ತುದಿಯಿಂದ ಕೆಲವು ಹನಿ... ಮತ್ತು ಆ ಮಾತು.

ಹೆಂಡತಿಯಲ್ಲದವಳು ಹೆಂಡತಿಯ ಮಾತಾಡಿದ್ದಳು! ಆದ್ದರಿಂದಲೇ ಕಡಲು ಪ್ರತಿ ಸಂಜೆ ಮನೆಗೆ ಬಂದು, ಆ ಪೆಟ್ಟಿಗೆಯೊಳಗೆ ಕೂತು, ‘ಯಾರು ನೀನು ಅವನಿಗೆ?’ ಎಂದು ಕೇಳುತ್ತಿದೆ... ಹೀಗೆಂದೇ ಅವಳು ನಂಬಿದ್ದಳು.

ಸುಮಿತ ಮೆಮೊರಿ ತೆಗೆದು ರಬ್ಬರಿನಿಂದ ಉಜ್ಜಿದ. ಕರೆಂಟಿನ ಡಬ್ಬಿ ಬದಲಿಸಿದ. ತಂತಿಗಳನ್ನು ಬಿಚ್ಚಿ ಮತ್ತೆ ಸಿಕ್ಕಿಸಿದ. ಬಟನ್ ಒತ್ತಿದ. ಕಲ್ಲು.

ಒಳಗಿನಿಂದ ಮಾದೇವಿ ಅಜ್ಜಿ ಕೆಂಡದ ಧೂಪಾರತಿ ಹಿಡಿದು ಮತ್ತೆ ಬಂದಳು. ಪೆಟ್ಟಿಗೆಯ ಬುಡಕ್ಕೇ ಅದನ್ನು ಇಟ್ಟಳು.

“ಪೂತಾ, ನಿನ್ನ ವಿದ್ಯೆ ಇದಕ್ಕೆ ನಾಟೂದಿಲ್ಲ. ಇದ್ರೊಳಗೆ ನೀರಲ್ಲಿ ಹೋದವರು ಕೂತಿದಾರೆ. ಹೊತ್ತು ಮುಳುಗಿದ ಕೂಡ್ಲೆ ಎದ್ದು ಉಸಿರು ತಕ್ಕಂತಾರೆ.”

“ಅಜ್ಜೀ, ಅವರಿಗೆ ಟೈಪಿಂಗ್ ಬರ್ತದೆಯೋ ಕೇಳು.”

“ನಗಾಡು, ನಗಾಡು! ದಿವಸಾ ಧೂಪ ಹಾಕಿದ್ರೂ ಹೋಗ್ತಿಲ್ಲ. ಹಾಕಿದಷ್ಟೂ ಏಳ್ತದೆ ಮುಂಡೇದು!”

ಹಿತ್ತಿಲಿಂದ ಬಂದ ಚಂದನಾಳ ತಂದೆ ತುಳಸಿದಾಸ ಕಂಬಕ್ಕೊರಗಿ ನಿಂತ. ಕೆಟ್ಟವನಲ್ಲ, ಆದರೆ ಹೆದರಿದ್ದ. “ಸಾಕು ಮಾರಾಯಾ. ಕೆಲವರ ಕೈಗೆ ಕೆಲವು ಹತ್ತೂದಿಲ್ಲ. ಇದನ್ನ ಕಟ್ಕಂಡು ಹೋಗು. ಹೆಣ್ಣುಮಗಳಿರೋ ಮನೆ.”

ಕೆಂಡ ಬೂದಿಯಾಗುತ್ತ ಬಂತು. ಕಿಟಕಿಯಿಂದ ಒದ್ದೆ ಗಾಳಿ ನುಗ್ಗಿತು. ಆಗ...

ಹಸಿರು ಕಣ್ಣು. ಉಸಿರು. ಎಲ್ಲರೂ ನಿಂತಲ್ಲೇ ಹೆಪ್ಪುಗಟ್ಟಿದರು. ಅದು ಅವರೆಲ್ಲರ ಮುಂದೆಯೇ ಮತ್ತೊಮ್ಮೆ ಸತ್ತಿತು.

ಸುಮಿತನ ಮುಖದಲ್ಲಿ ಮೊದಲ ಬಾರಿಗೆ ಭಯ ಕಂಡಿತು. ತನ್ನದೇ ಕೈಗಳನ್ನು ತಿರುಗಿಸಿ ನೋಡಿಕೊಂಡ. ಹಗ್ಗ ತೆಗೆದು ಪೆಟ್ಟಿಗೆಗೆ ಸುತ್ತತೊಡಗಿದ.

“ಇಷ್ಟು ದಿನ ನೀ ಯಾಕೆ ನನ್ನ ಮುಖ ನೋಡ್ತಿರ್ಲಿಲ್ಲ ಅಂತ ಈಗ ಗೊತ್ತಾತು, ಚಂದನಾ.” ಅವನ ದನಿ ಕೆಳಗಿತ್ತು. “ನಿಂಗೂ ಹಂಗೇ ಅನಿಸ್ತದಲ್ವಾ? ನನ್ನ ಕೈಯೇ ಸರಿ ಇಲ್ಲಾಂತ. ಬೇರೆ ಯಾರು ಹೇಳಿದ್ರೂ ತಡ್ಕಂತಿದ್ದೆ...”

ಅಯ್ಯೋ... ಹೀಗೂ ತಿಳಿದುಕೊಂಡನೇ!

ಹೇಳಿದರೆ ಮಾನ ಹೋಗುತ್ತದೆ. ಕಡಲು ಮುನಿಯುತ್ತದೆ. ಹೇಳದಿದ್ದರೆ ಇವನು ತನ್ನ ಕೈಯನ್ನೇ ಶಪಿಸುತ್ತ ನೀರಿಗೆ ಹೋಗುತ್ತಾನೆ. ಅವಳು ಹಗ್ಗದ ಮೇಲೆ ಕೈಯಿಟ್ಟಳು.

“ನಿನ್ನ ಕೈ ಅಲ್ಲ, ಸುಮಿತ. ನನ್ನ ಕೈ.”

“ಎಂತ?”

“ನೀ ಊಟಕ್ಕೆ ಹೋದಾಗ... ನಾನು ಅದಕ್ಕೆ ಸಮುದ್ರದ ನೀರು ಚಿಮುಕಿಸಿದೆ. ದೋಣಿಗೆ ಹಾಕ್ತಾರಲ್ಲ, ಹಂಗೆ.”

ಆ ನೀರನ್ನು ಯಾರು ಹಾಕುತ್ತಾರೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತುಳಸಿದಾಸ ಕಂಬ ಬಿಟ್ಟು ನೆಟ್ಟಗೆ ನಿಂತ.

ಸುಮಿತ ಅವಳನ್ನೇ ನೋಡಿದ. ಅವನ ಕಿವಿಗಳು ಕೆಂಪಾದವು. ಹೇಳಬೇಕಾದ ಮಾತೆಲ್ಲ ಬಿಟ್ಟು, ಅವನಿಂದ ಹೊರಬಿದ್ದದ್ದು ಒಂದೇ ಪ್ರಶ್ನೆ: “ಎ... ಎಲ್ಲಿ ಬಿತ್ತು ನೀರು?”

ಅವಳು ಬೆರಳಿನಿಂದ ತೋರಿಸಿದಳು. ಅವನು ಹಗ್ಗ ಬಿಚ್ಚಿ ಎಸೆದು, ಟಾರ್ಚು ಹಿಡಿದು, ಕೆಳಗಿನ ಮೂಲೆಗೆ ಬಗ್ಗಿದ. ಬಟನ್ನಿನ ಸಣ್ಣ ತಂತಿ ಬಂದು ಸೇರುವಲ್ಲಿ, ಧೂಳೆಂದು ಅವನು ಬಿಟ್ಟಿದ್ದ ಬಿಳಿಯ ಪೊರೆಯೊಂದು ತೇವದಿಂದ ಮಿನುಗುತ್ತಿತ್ತು.

“ಉಪ್ಪು!” ಅವನು ನಕ್ಕನೋ ಅತ್ತನೋ ತಿಳಿಯಲಿಲ್ಲ. “ನೀರು ಆರಿದ್ರೂ ಉಪ್ಪು ಹೋಗಿಲ್ಲ. ಈ ಗಾಳಿಗೆ ಬೆವರ್ತಾ ಕೂತದೆ, ತಂತಿ ಸಿಕ್ಕಿಸೋ ಎರಡು ಕಡ್ಡಿ ಮಧ್ಯೆ. ಯಾರೋ ಯಾವಾಗ್ಲೂ ಬಟನ್ ಒತ್ತಿ ಹಿಡಿದಂಗೆ! ಒತ್ತಿದ್ದನ್ನೇ ಮತ್ತೆ ಒತ್ತಿದ್ರೆ ಅದಕ್ಕೆ ಹ್ಯಾಂಗೆ ಗೊತ್ತಾಗಬೇಕು?”

“ಮತ್ತೆ ಸಂಜೆ ಏಳ್ತಿದ್ದದ್ದು?”

“ಅಜ್ಜಿ ಕೆಂಡ. ಬಿಸಿಗೆ ಉಪ್ಪು ಒಣಗ್ತದೆ, ಕೈ ಬಿಟ್ಟಂಗೆ. ಕೆಂಡ ಆರಿ ಗಾಳಿ ತಾಗಿದ ಕೂಡ್ಲೆ ಮತ್ತೆ ಒತ್ತಿದಂಗೆ. ಏಳ್ತದೆ. ಬಟನ್ ಒತ್ತಿದ ಕೈ ಬಿಡದೇ ಇದ್ರೆ ಯಾವ ಕಂಪ್ಯೂಟರೂ ತಾನೇ ಆರ್ತದೆ.”

“ಅರೇ ದೇವಾ!” ಅಜ್ಜಿ ಕೆನ್ನೆಗೆ ಕೈಯಿಟ್ಟಳು. “ಅಂದ್ರೆ ದಿವಸಾ ಭೂತ ಎಬ್ಬಿಸ್ತಿದ್ದದ್ದು ನಾನೇಯಾ?”

ಅವನು ವೈರು ಕಿತ್ತು, ಹಳೆಯ ಹಲ್ಲುಜ್ಜುವ ಬ್ರಶ್ಶನ್ನು ಸ್ಪಿರಿಟ್‌ನಲ್ಲಿ ಅದ್ದಿ, ಮಗುವಿನ ಗಾಯ ತೊಳೆಯುವಂತೆ ಆ ಮೂಲೆಯನ್ನು ತೊಳೆದ. ತೊಳೆದಲ್ಲೇ ಮತ್ತೆ ಮತ್ತೆ ತೊಳೆದ. ಅಜ್ಜಿ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಬೀಸಣಿಗೆ ತಂದು ಒಂದೇ ಸಮನೆ ಬೀಸಿದಳು.

“ಈಗ ನೀನೇ ಒತ್ತು,” ಎಂದ ಸುಮಿತ, ವೈರನ್ನು ಮತ್ತೆ ಸಿಕ್ಕಿಸಿ.

ಚಂದನಾ ಒತ್ತಿದಳು.

ಹಸಿರು ಕಣ್ಣು. ಉಸಿರು... ಅವಳೂ ಉಸಿರು ಹಿಡಿದಳು. ಈಗ ನಿಲ್ಲುತ್ತದೆ... ಈಗ... ಅಜ್ಜಿಯ ಬೀಸಣಿಗೆ ಗಾಳಿಯಲ್ಲೇ ನಿಂತುಹೋಯಿತು.

ಅದು ನಿಲ್ಲಲಿಲ್ಲ. ‘ಟಿಂಕ್’ ಎಂದಿತು. ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲಾಗಿ ಮೂಡತೊಡಗಿದವು. ಉಸಿರು ಹಾಗೆಯೇ ಮುಂದುವರಿಯಿತು, ಮಲಗಿದ ಮನುಷ್ಯರ ಉಸಿರಿನಂತೆ, ಸಮಾಧಾನವಾಗಿ.

ತುಳಸಿದಾಸ ಕೆಮ್ಮಿದ. “ನಾ... ದೋಣಿ ಬದಿಗೆ ಹೋಗಿ ಬರ್ತೆ.” ತಾಯಿಯ ಕಡೆ ತಿರುಗಿದ. “ಅಬ್ಬೇ, ನೀನೂ ಬಾ.”

“ನಾ ಎಂತಕ್ಕೆ? ನಂಗೆ ಕೇಳಬೇಕು!”

“ಬಾ ಅಂದೆ!”

ಜಗಲಿಕೋಣೆಯಲ್ಲಿ ಇಬ್ಬರೇ ಉಳಿದರು. ಹೊರಗೆ ಬೆಳಕು ಪೂರ್ತಿ ಹೋಗಿತ್ತು. ಕತ್ತಲು ಎಂದಿನಂತೆ ಹೊಸಿಲವರೆಗೆ ಬಂದು ನಿಂತಿತ್ತು. ಅವಳು ಅದರ ಕಡೆ ನೋಡಲಿಲ್ಲ. ಅವನನ್ನೇ ನೋಡುತ್ತಿದ್ದಳು, ಕಣ್ಣು ತಪ್ಪಿಸದೆ.

“ಟ್ರಾಲರ್ ಹತ್ತೂದಿಲ್ಲ ಅಂದ್ರೆ, ಮಾತು ಕೊಟ್ಟವನೇ ಆದ್ರೂ ಅಪ್ಪ ಬೈತಾನೆ,” ಎಂದ ಸುಮಿತ.

“ಬೈಸ್ಕೋ.”

“ನೀ ಬೈಯೂದಿಲ್ವಾ?”

“ಬೈಯೂಕೆ ನಂಗೆ ಹಕ್ಕಿಲ್ವಲ್ಲ...”

ಅವನು ಬ್ರಶ್ಶನ್ನು ಕೆಳಗಿಟ್ಟ. “ಕೇಳೂಕೆ ಹೆದರಿಕೆ ಆಗ್ತದೆ, ಚಂದನಾ. ನೀನು ಇಲ್ಲ ಅಂದ್ರೆ?”

“ಕೇಳಿ ನೋಡು.”

“ನನ್ನ ಹೆಂಡ್ತಿ ಆಗ್ತ್ಯಾ?”

“ಆಗ್ತೆ,” ಎಂದಳು ಅವಳು... ಅವನಿಗೆ ಮಾತ್ರವಲ್ಲ, ಹೊರಗೆ ಕೇಳುತ್ತ ನಿಂತವರಿಗೆಲ್ಲ, ಕಡಲಿಗೂ ತಿಳಿಯಲೆಂಬಂತೆ, ಗಟ್ಟಿಯಾಗಿ.